ನಾಲ್ಕನೆಯ ಹೆಸರು

ನನ್ನ ಗಂಡ ಏಳು ವರ್ಷ ನಮ್ಮ ಜೊತೆ ಕಾಗದದಲ್ಲಿ ಸಂಸಾರ ಮಾಡಿದ. ಊಟಕ್ಕೆ ಉಪ್ಪು ಕಡಿಮೆ ಎನ್ನಲಿಲ್ಲ, ಗೊರಕೆ ಹೊಡೆಯಲಿಲ್ಲ, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯಲಿಲ್ಲ. ಅಂಥ ಗಂಡ ಎಷ್ಟು ಜನರಿಗೆ ಸಿಗುತ್ತಾನೆ? ನಿರಾಶ್ರಿತರ ಕಚೇರಿಯವರು ಕೊಟ್ಟ ಗುರುತಿನ ಕಾಗದದಲ್ಲಿ ಸಾಲಾಗಿ ನಾಲ್ಕು ಹೆಸರಿದ್ದವು. ಅತ್ತೆ, ನಾನು, ಮಗಳು ಗಿಣಿ, ನಾಲ್ಕನೆಯದು ಅವನದು. ಮೂವರ ಪಕ್ಕದಲ್ಲಿ ಫೋಟೋ ಇತ್ತು. ಅವನ ಪಕ್ಕದ ಚೌಕ ಖಾಲಿ.

ಆ ಹೆಸರು ಅಲ್ಲಿಗೆ ಹೇಗೆ ಬಂತು ಎಂದು ಮೊದಲೇ ಹೇಳಿಬಿಡುತ್ತೇನೆ. ಯುದ್ಧದಲ್ಲಿ ನಮ್ಮೂರಿಗೆ ಬೆಂಕಿ ಬಿದ್ದಾಗ ನಾನು ತುಂಬಿದ ಗರ್ಭಿಣಿ. ಉಟ್ಟ ಬಟ್ಟೆಯಲ್ಲಿ ಹೊರಟು ಮೂರು ದಿನ ನಡೆದೆವು. ಮೂರನೆಯ ದಿನ ಗಡಿಯ ಬೇಲಿ ಕಾಣಿಸುವಷ್ಟು ಹತ್ತಿರ ಬಂದಾಗ, ಹಿಂದೆ ಉಳಿದ ಮುದುಕರನ್ನು ಕರೆತರುತ್ತೇನೆ ಎಂದು ನನ್ನ ಗಂಡ ವಾಪಸು ಹೋದ. ಅವನ ಬುದ್ಧಿಯೇ ಹಾಗೆ, ತನ್ನ ಮನೆ ಸೋರುತ್ತಿದ್ದರೂ ಪಕ್ಕದ ಮನೆಯ ಸೂರು ಹತ್ತುವವನು. ಹೊತ್ತಾದರೂ ಬರಲಿಲ್ಲ. ನೋಡಿಬರುತ್ತೇನೆ ಎಂದು ಅತ್ತೆ ಹೋದರು. ಅವರು ತಿರುಗಿ ಬರುವಷ್ಟರಲ್ಲಿ ನನ್ನ ನೋವು ಜೋರಾಗಿತ್ತು. “ಬರ್ತಿದ್ದಾನೆ. ಹಿಂದೆ ಇದ್ದಾನೆ. ನೀನು ನಡಿ,” ಅಂದರು. ನಡೆದೆ. ಗಡಿಯಾಚೆಯ ಒಂದು ಗೋದಾಮಿನಲ್ಲಿ ಗಿಣಿ ಹುಟ್ಟಿದಳು. ಹೆರಿಗೆ ಮಾಡಿಸಿದ್ದು ಅತ್ತೆಯೇ. ಅವರು ನಮ್ಮೂರಿನ ಸೂಲಗಿತ್ತಿ, ಮೂವತ್ತು ವರ್ಷ ಅದೇ ಕೆಲಸ ಮಾಡಿದವರು.

ಗೋದಾಮಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ಒಬ್ಬ ಗುಮಾಸ್ತ ಬಂದವರ ಹೆಸರು ಬರೆಯುತ್ತಿದ್ದ. ಅವನ ಮುಂದೆ ನೂರಾರು ಜನ. ನಾನು ಗೋಣಿತಾಟಿನ ಮೇಲೆ ಮಲಗಿದ್ದೆ, ರಕ್ತ ಇನ್ನೂ ನಿಂತಿರಲಿಲ್ಲ. ಎಷ್ಟು ಜನ ಎಂದು ಅವನು ಬೆರಳು ಆಡಿಸಿ ಕೇಳಿದ. ಅತ್ತೆ ನನ್ನ ಕಡೆ ಒಮ್ಮೆ ನೋಡಿ ನಾಲ್ಕು ಬೆರಳು ಎತ್ತಿದರು. ಮಗ ಹಿಂದೆ ಬರುತ್ತಿದ್ದಾನೆ ಎಂದು ಹೆಸರು ಹೇಳಿ ಬರೆಸಿದರು. ಬಂದಮೇಲೆ ಫೋಟೋ ತೆಗೆಸಿ ಎಂದನಂತೆ ಗುಮಾಸ್ತ. ಅದೇ ವಾರ, ಇಲ್ಲದ ಇಬ್ಬರನ್ನು ಸೇರಿಸಿ ಬರೆಸಿದ್ದ ಒಂದು ಕುಟುಂಬವನ್ನು ಪಟ್ಟಿಯಿಂದಲೇ ತೆಗೆದುಹಾಕಿದರು. ಅದನ್ನು ನೋಡಿದಮೇಲೆ ನಮ್ಮ ಬಾಯಿಗೆ ಬೀಗ ಬಿತ್ತು. ಇವತ್ತಲ್ಲ ನಾಳೆ ಬಂದೇ ಬರುತ್ತಾನಲ್ಲ, ಬಂದರೆ ಸುಳ್ಳು ತಾನಾಗಿ ನಿಜವಾಗುತ್ತದೆ ಎಂದುಕೊಂಡೆವು.

ಹೇಳಿದ ಸುಳ್ಳನ್ನು ಸಾಕುವುದು ಎಮ್ಮೆ ಸಾಕಿದಷ್ಟೇ ಕಷ್ಟ. ನಮಗೆ ಕೊಟ್ಟ ಎರಡು ಕೋಣೆಯ ಮನೆಗೆ ವರ್ಷಕ್ಕೊಮ್ಮೆ ತಪಾಸಣೆಯವನು ಬರುತ್ತಿದ್ದ. ಅವನು ಬರುವ ಮುಂಚೆ ಅತ್ತೆ ಬಾಗಿಲ ಬಳಿ ಗಂಡಸಿನ ಒಂದು ಜೊತೆ ಬೂಟು ಇಡುತ್ತಿದ್ದರು. ರಸ್ತೆಬದಿಯ ಹಳೇ ಸಾಮಾನಿನ ಅಂಗಡಿಯಲ್ಲಿ ತಂದದ್ದು, ಹೊಸತರಂತೆ ಕಾಣಬಾರದೆಂದು ಮಣ್ಣು ಮೆತ್ತಿದ್ದು. ಬಚ್ಚಲಲ್ಲಿ ಗಡ್ಡ ಹೆರೆಯುವ ಬ್ಲೇಡು, ಗೂಟಕ್ಕೆ ಒಂದು ಅಂಗಿ. “ಮಗ ಎಲ್ಲಿ?” ಎಂದರೆ “ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದಾನೆ” ಎಂಬ ಉತ್ತರ. ಪ್ರತಿ ವರ್ಷ ಬೇರೆ ಬೂಟು ಸಿಗುತ್ತಿದ್ದರಿಂದ ನನ್ನ ಗಂಡನ ಪಾದ ಒಂದು ವರ್ಷ ಬೆಳೆಯುತ್ತಿತ್ತು, ಇನ್ನೊಂದು ವರ್ಷ ಕುಗ್ಗುತ್ತಿತ್ತು. ಪುಣ್ಯಕ್ಕೆ ಅಳತೆ ನೋಡುವ ಬುದ್ಧಿ ತಪಾಸಣೆಯವನಿಗೆ ಬರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನು. ಅವನು ಹೋಗುವವರೆಗೆ ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸುತ್ತಿದ್ದೆ. ಅತ್ತೆ ಮಾತ್ರ ಕಲ್ಲಿನ ಹಾಗೆ ಕೂತಿರುತ್ತಿದ್ದರು.

ಕಾಗದ ಹೇಗಾದರೂ ಇರಲಿ, ಕೈಗೆ ಕೆಲಸ ಬೇಕಲ್ಲ. ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಹಾಸಿಗೆಯ ಬಟ್ಟೆಗಳು ಬಿಸಿ ಉರುಳೆಗಳ ನಡುವಿನಿಂದ ಇಸ್ತ್ರಿಯಾಗಿ ಹೊರಬರುತ್ತವೆ. ಆ ಕೊನೆ ಒಬ್ಬರು, ಈ ಕೊನೆ ಒಬ್ಬರು ಹಿಡಿದು ಮಡಚಬೇಕು. ಆ ಕೊನೆಗೆ ಸಿಕ್ಕವಳು ಈ ಊರಿನವಳೇ. ನನಗಿಂತ ಒಂದು ಮೊಳ ಎತ್ತರ, ಅದಕ್ಕೇ ನಾನು ಅವಳಿಗೆ ಉದ್ದಕ್ಕ ಎಂದು ಹೆಸರಿಟ್ಟೆ. ಇಲ್ಲಿಯ ಮಾತನ್ನು ನಾನು ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ, ಆ ಬಟ್ಟೆಗಳ ಈ ಕೊನೆಯಲ್ಲಿ. ಹಿಡಿ, ಎಳೆ, ಮಡಚು, ಬಿಡು. ಆಮೇಲೆ ತಲೆನೋವು, ಬಸ್ಸು, ಮೇಸ್ತ್ರಿ ಎಂಥ ಗೂಬೆ, ಎಲ್ಲ. ಮೊದಲ ವರ್ಷ ಅವಳು ನನ್ನ ಪಕ್ಕ ಕೂತು ಊಟ ಮಾಡುತ್ತಿರಲಿಲ್ಲ. ನಿಮ್ಮ ಜನ ಬಂದಮೇಲೆ ಕೂಲಿ ಇಳಿಯಿತು ಎಂದು ಮುಖದ ಮೇಲೇ ಅಂದಿದ್ದಳು. ಒಂದು ದಿನ ಉರುಳೆಗೆ ಅವಳ ತೋಳು ಸಿಕ್ಕಲಿದ್ದಾಗ ನಾನು ಜುಟ್ಟು ಹಿಡಿದು ಹಿಂದಕ್ಕೆ ಎಳೆದೆ. ಅವತ್ತಿನಿಂದ ಊಟದ ಡಬ್ಬಿ ನನ್ನ ಪಕ್ಕಕ್ಕೆ ಬಂತು. “ಜುಟ್ಟು ಎಳೆದಿದ್ದಕ್ಕೆ ಇನ್ನೂ ಸಿಟ್ಟಿದೆ,” ಎಂದು ಈಗಲೂ ಅನ್ನುತ್ತಾಳೆ.

ಅತ್ತೆಯ ಕೆಲಸವನ್ನು ಇಲ್ಲಿ ಯಾರೂ ಕೆಲಸ ಎಂದು ಒಪ್ಪಲಿಲ್ಲ. ಮೂವತ್ತು ವರ್ಷ ಹೆರಿಗೆ ಮಾಡಿಸಿದ್ದಕ್ಕೆ ಸರ್ಟಿಫಿಕೇಟ್ ಎಲ್ಲಿ ಎಂದರು. ಅತ್ತೆ ತಮ್ಮ ಕೈ ತೋರಿಸಿದರು. ಆಸ್ಪತ್ರೆಯವರು ನಕ್ಕು ಕಳಿಸಿದರು. ಹಾಗಾಗಿ ಮೂರು ಕಟ್ಟಡಗಳ ಮೆಟ್ಟಿಲು ಗುಡಿಸಿ ಒರೆಸುವುದು ಅವರ ಪಾಲಿಗೆ ಬಂತು. ಒಂದು ಬೆಳಿಗ್ಗೆ ಎರಡನೆಯ ಮಹಡಿಯಲ್ಲಿ ಒಂದು ಕೂಸು ನಿಲ್ಲಿಸದೆ ಅಳುತ್ತಿತ್ತು. ಅತ್ತೆ ಪೊರಕೆ ಗೋಡೆಗೆ ಒರಗಿಸಿ, ಕೈ ತೊಳೆದು, ಕೇಳದೆ ಒಳಗೆ ಹೋಗಿ ಕೂಸನ್ನು ಮುಂಗೈ ಮೇಲೆ ಮಗುಚಿ ಹಾಕಿಕೊಂಡು ಬೆನ್ನು ತಟ್ಟಿದರು. ಕೂಸು ಗಾಳಿ ಬಿಟ್ಟು ಮಲಗಿತು. ತಾಯಿ ಪೊಲೀಸರನ್ನು ಕರೆಯಬೇಕೆಂದಿದ್ದವಳು ಕುರ್ಚಿ ಹಾಕಿದಳು. ಆಮೇಲೆ ಆ ಬೀದಿಯ ಎಳೆಗೂಸುಗಳೆಲ್ಲ ಅತ್ತೆಯ ಮುಂಗೈ ಮೇಲೇ ಬೆಳೆದವು. ಮೆಟ್ಟಿಲಜ್ಜಿ ಎಂದು ಹೆಸರೂ ಬಿತ್ತು. ಮಾತು ಮಾತ್ರ ಅವರು ಕಲಿಯಲಿಲ್ಲ. ಕೂಸುಗಳಿಗೆ ಯಾವ ಮಾತಾದರೇನು ಎನ್ನುತ್ತಿದ್ದರು.

ಗಿಣಿಗೆ ಎರಡೂ ಮಾತು ನೀರು ಕುಡಿದಷ್ಟು ಸಲೀಸು. ಅತ್ತೆಯ ಪಕ್ಕ ಕೂತು, ಯಾರು ಏನೇ ಹೇಳಿದರೂ ಕಿವಿಯಲ್ಲಿ ನಮ್ಮ ಮಾತಿಗೆ ತಿರುಗಿಸಿ ಹೇಳುವುದು ಅವಳ ಕೆಲಸ. ಗಿಣಿ ಎಂಬ ಹೆಸರು ಬಂದದ್ದೇ ಹಾಗೆ. ಅವಳಿಗೂ ಅಪ್ಪ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದಾನೆ ಎಂದೇ ಹೇಳಿದ್ದೆವು. ತಪಾಸಣೆಯವನಿಗೆ ಹೇಳಿದ್ದನ್ನು ಮಗುವಿಗೂ ಹೇಳಬೇಕಾಯಿತು, ಇಲ್ಲದಿದ್ದರೆ ಎಲ್ಲಿ ಬಾಯಿಬಿಡುತ್ತಾಳೋ ಎಂಬ ಭಯ. ಇದನ್ನು ನೆನೆಸಿದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮೊದಲ ಎರಡು ವರ್ಷ ನಾನು ನಿಜವಾಗಿ ಕಾದೆ. ಬಸ್ಸಿನಲ್ಲಿ, ಅಂಗಡಿಯ ಸಾಲಿನಲ್ಲಿ ಅವನಷ್ಟೇ ಅಗಲದ ಬೆನ್ನು ಕಂಡರೆ ಮುಂದೆ ಓಡಿಹೋಗಿ ಮುಖ ನೋಡುತ್ತಿದ್ದೆ. ಬೈಸಿಕೊಂಡದ್ದೂ ಉಂಟು. ಒಂದು ಸಂಜೆ ಅಂಥದೇ ಬೆನ್ನು ಮುಂದೆ ನಡೆಯುತ್ತಿತ್ತು. ನಾನು ಓಡಲಿಲ್ಲ. ಚೀಲ ಭಾರವಾಗಿತ್ತು, ಕಾಲು ನೋಯುತ್ತಿತ್ತು, ಮನೆಗೆ ಹೋಗಿ ಒಲೆ ಹಚ್ಚಬೇಕಿತ್ತು. ಅವನಿಲ್ಲ ಎಂದು ನನಗೆ ಆ ರಸ್ತೆಯಲ್ಲಿ ಗೊತ್ತಾಯಿತು. ಆದರೆ ಅದನ್ನು ಅತ್ತೆಯ ಮುಂದೆ ಆಡುವುದು ಹೇಗೆ? ಗೂಟದ ಅಂಗಿಯನ್ನು ತಿಂಗಳಿಗೊಮ್ಮೆ ಒಗೆದು ಮತ್ತೆ ಗೂಟಕ್ಕೇ ಹಾಕುವ ಮುದುಕಿ. ಆ ಒಂದು ಎಳೆಯಲ್ಲಿ ಅವರ ಜೀವ ನಿಂತಿದೆ, ಅದನ್ನು ಕತ್ತರಿಸುವವಳು ನಾನಾಗಬಾರದು ಎಂದು ಸುಮ್ಮನಾದೆ. ಸುಮ್ಮನಿದ್ದೆ ಎಂದು ಒಳ್ಳೆಯವಳೇನೂ ಆಗಿರಲಿಲ್ಲ. ಆ ಅಂಗಿ ಕಂಡರೆ ಮೈ ಉರಿಯುತ್ತಿತ್ತು. ಅಳುವುದಕ್ಕೂ ಅತ್ತೆಯ ಅಪ್ಪಣೆ ಬೇಕಾದ ಬಾಳು ಎಂದು ಪಾತ್ರೆ ಕುಕ್ಕುತ್ತಿದ್ದೆ.

ಏಳನೆಯ ವರ್ಷ ಕಚೇರಿಯಿಂದ ಪತ್ರ ಬಂತು. ನಮ್ಮ ದೇಶದಲ್ಲಿ ಈಗ ಶಾಂತಿ ಇದೆಯಂತೆ, ತಾತ್ಕಾಲಿಕ ಕಾಗದದವರು ಇನ್ನು ವಾಪಸು ಹೋಗಬೇಕು. ಏಳು ವರ್ಷ ತುಂಬಿದ ಕುಟುಂಬಗಳು ಕಾಯಂ ಕಾಗದ ಕೇಳಬಹುದು. ಅದಕ್ಕೆ ಹೆಸರಿರುವ ಎಲ್ಲರೂ ಖುದ್ದಾಗಿ ಬಂದು ಬೆರಳಚ್ಚು ಕೊಡಬೇಕು. ಒಬ್ಬರ ಲೆಕ್ಕ ಸಿಗದಿದ್ದರೂ ಇಡೀ ಕುಟುಂಬದ ಅರ್ಜಿ ನಿಲ್ಲುತ್ತದೆ. ಕೆಳಮನೆಯ ನಮ್ಮ ದೇಶದವರನ್ನು ಅದರ ಹಿಂದಿನ ತಿಂಗಳಷ್ಟೇ ಎರಡೆರಡು ಚೀಲದ ಜೊತೆ ವಾಪಸು ಕಳಿಸಿದ್ದರು. ಅವರ ಮಗ ಗಿಣಿಯ ತರಗತಿಯವನು. ವಾಪಸು ಹೋಗಲು ಅಲ್ಲಿ ಏನಿದೆ? ನಮ್ಮ ಬೀದಿಯೇ ಇಲ್ಲ. ಗಿಣಿಗಂತೂ ಅದು ಕಂಡು ಕೇಳರಿಯದ ದೇಶ.

ಪತ್ರ ಓದಿ ಹೇಳಿದೆ. ಅತ್ತೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ.

“ಈಗ ಏನು ಮಾಡೋದು ಅತ್ತೆ? ಬೂಟು ತಗೊಂಡು ಹೋಗಿ ಬೆರಳಚ್ಚು ಒತ್ತಿಸೋಣವಾ?”

“ಇನ್ನೂ ಬಂದಿಲ್ಲ ಅಂತ ಹೇಳು.”

“ಏಳು ವರ್ಷ ಕೆಲಸಕ್ಕೆ ಹೋಗಿದ್ದಾನೆ ಅಂದ್ವಿ. ಈಗ ಬಂದೇ ಇಲ್ಲ ಅಂದ್ರೆ ಅವರೇನು ಹಾರ ಹಾಕ್ತಾರಾ? ಮೂರೂ ಜನರನ್ನ ಗಾಡಿಗೆ ಹತ್ತಿಸ್ತಾರೆ. ಗಿಣಿ ಗತಿ ಏನು?”

ನನ್ನ ಸಿಟ್ಟು ಕಟ್ಟೆ ಒಡೆಯಿತು. “ನಿಮ್ಮ ನಾಲ್ಕು ಬೆರಳಿಂದ ಬಂದಿದ್ದು ಇದೆಲ್ಲ. ಅವತ್ತು ಮೂರು ಬೆರಳು ಎತ್ತಿದ್ರೆ ಏನಾಗ್ತಿತ್ತು? ನಿಮ್ಮ ಬೆರಳೇನು ಸವೆದು ಹೋಗ್ತಿತ್ತಾ?” ಎಂದುಬಿಟ್ಟೆ. ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದರು. ಅಂದದ್ದಕ್ಕೆ ಆಗಲೇ ನಾಚಿಕೆಯಾಗಿತ್ತು, ಕರೆದು ತಪ್ಪಾಯಿತು ಎನ್ನಲು ಮಾತ್ರ ಬಾಯಿ ಬರಲಿಲ್ಲ.

ಮಾರನೆಯ ದಿನ ಬಟ್ಟೆ ಮಡಚುತ್ತ ಉದ್ದಕ್ಕನಿಗೆ ಎಲ್ಲ ಹೇಳಿದೆ. ಏಳು ವರ್ಷದಲ್ಲಿ ಮೊದಲ ಸಲ ಒಬ್ಬರ ಮುಂದೆ ಹೇಳಿದ್ದು. ಅವಳು ಇನ್ನೂ ನಾಲ್ಕು ಬಟ್ಟೆ ಮಡಚಿದಳು.

“ಬಿಟ್ಟು ಹೋದ ಅಂತ ಹೇಳು,” ಎಂದಳು ಕೊನೆಗೆ. “ಇಷ್ಟು ದಿನ ಇದ್ದ, ಎರಡು ವರ್ಷದ ಹಿಂದೆ ಇನ್ನೊಬ್ಬಳ ಜೊತೆ ಓಡಿಹೋದ, ಎಲ್ಲಿದ್ದಾನೋ ಗೊತ್ತಿಲ್ಲ. ಆ ಕಿಟಕಿಯಲ್ಲಿ ಕೂತವರು ಅದನ್ನ ದಿನಾ ಕೇಳ್ತಾರೆ. ಪ್ರಶ್ನೆನೂ ಕೇಳಲ್ಲ.”

“ಅವನು ಅಂಥವನಲ್ಲ.”

“ನನ್ನವನು ಅಂಥವನೇ. ನನ್ನ ಕಥೆ ತಗೋ. ನನಗಂತೂ ಅದರಿಂದ ಏನೂ ಉಪಯೋಗ ಆಗ್ಲಿಲ್ಲ, ನಿನಗಾದ್ರೂ ಆಗಲಿ.” ಆ ಹೆಂಗಸು ಯಾವ ಬಟ್ಟೆ ತೊಟ್ಟಿದ್ದಳು, ಅವನು ಯಾವ ಪೆಟ್ಟಿಗೆ ತೆಗೆದುಕೊಂಡು ಹೋದ, ಎಲ್ಲ ಹೇಳಿಕೊಟ್ಟಳು. ಹೇಳಿಕೊಡುತ್ತ ನಗುತ್ತಿದ್ದಳು. ಮೂಗು ಕೆಂಪಾಗಿತ್ತು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಮಗನ ಮೇಲೆ ಇಂಥ ಮಾತು ಬಂದರೆ ಯಾವ ತಾಯಿಯಾದರೂ ಮನೆ ತಲೆಮೇಲೆ ಮಾಡುತ್ತಾಳೆ ಎಂದು ಸೊಂಟ ಕಟ್ಟಿ ನಿಂತಿದ್ದೆ. ಅವರು ಗೋಡೆಯ ಕಡೆ ನೋಡುತ್ತ, “ಕೂಸಿಗೆ ಕಾಗದ ಸಿಗುತ್ತಾ?” ಎಂದು ಅಷ್ಟೇ ಕೇಳಿದರು. ಸಿಗುತ್ತೆ ಎಂದೆ. “ಹಾಗಾದ್ರೆ ಹೇಳು,” ಎಂದರು.

ಕಚೇರಿಯಲ್ಲಿ ನಮ್ಮ ಸರದಿ ಬಂದಾಗ ಮಧ್ಯಾಹ್ನ. ಒಂದು ಚಿಕ್ಕ ಕೋಣೆ, ಮೇಜು, ಮೂರು ಕುರ್ಚಿ, ಬೆರಳಚ್ಚಿನ ಯಂತ್ರ. ಮೇಜಿನಾಚೆ ಕನ್ನಡಕದ ಮೇಡಂ. ಒಳ್ಳೆಯ ಹೆಂಗಸು, ಗಿಣಿಗೆ ಒಂದು ಪೆನ್ಸಿಲು ಕೊಟ್ಟಳು. ನನ್ನದು, ಅತ್ತೆಯದು, ಗಿಣಿಯದು ಬೆರಳಚ್ಚು ಆಯಿತು. ಮೆಟ್ಟಿಲು ಒರೆಸಿ ಒರೆಸಿ ಅತ್ತೆಯ ಬೆರಳ ಗೆರೆ ಸವೆದುಹೋಗಿ ಯಂತ್ರ ನಾಲ್ಕು ಸಲ ಬೇಡ ಅಂದಿತು.

“ನಾಲ್ಕನೆಯವರು?”

ನಾನು ಉದ್ದಕ್ಕನ ಕಥೆ ಹೇಳಿದೆ. ಎರಡು ವರ್ಷದ ಹಿಂದೆ, ಇನ್ನೊಬ್ಬಳ ಜೊತೆ, ಕಂದು ಬಣ್ಣದ ಪೆಟ್ಟಿಗೆ. ಮೇಡಂ ತಲೆ ಎತ್ತದೆ ಟೈಪ್ ಮಾಡುತ್ತಿದ್ದಳು. ಒಂದು ಕಡೆ ನಿಲ್ಲಿಸಿ, ಕಣ್ಣೊರೆಸುವ ಕಾಗದದ ಡಬ್ಬಿಯನ್ನು ನನ್ನ ಕಡೆ ಸರಿಸಿದಳು. ಇಷ್ಟು ಸುಲಭವೇ ಎನಿಸಿತು. ಏಳು ವರ್ಷ ಬೂಟಿಗೆ ಮಣ್ಣು ಮೆತ್ತಿದ್ದು ಸುಮ್ಮನೆ. ಮಗಳು ಪೆನ್ಸಿಲು ಕೆಳಗಿಟ್ಟದ್ದನ್ನು ನಾನು ನೋಡಲಿಲ್ಲ.

“ಅಜ್ಜಿ,” ಎಂದಳು ಗಿಣಿ ನಮ್ಮ ಮಾತಿನಲ್ಲಿ. “ಅಪ್ಪ ಕೆಲಸಕ್ಕೆ ಹೋಗಿಲ್ವಂತೆ. ಇನ್ನೊಬ್ಬ ಆಂಟಿ ಜೊತೆ ಹೋಗ್ಬಿಟ್ರಂತೆ.” ಆಮೇಲೆ ಅವಳ ದನಿ ಸಣ್ಣದಾಯಿತು. “ನಾನು ಬೇಡ ಅಂತ ಹೋದ್ರಾ ಅಜ್ಜಿ?”

ಈ ಪ್ರಶ್ನೆ ಬರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಮೂರು ಜನರ ಕಾಗದ ಉಳಿಸುವ ಗಡಿಬಿಡಿಯಲ್ಲಿ ಮಗುವಿಗೂ ಕಿವಿ ಇದೆ ಎಂಬುದನ್ನು ಮರೆತಿದ್ದೆ. ನಾನು ಬಾಯಿ ತೆರೆಯುವ ಮುಂಚೆ ಅತ್ತೆ ಎದ್ದು ನಿಂತರು. ಏಳು ವರ್ಷ ಇಲ್ಲಿಯ ಒಂದು ಮಾತೂ ಆಡದ ಅತ್ತೆ, ಮೇಡಂ ಕಡೆ ತಿರುಗಿ, ಇಲ್ಲಿಯ ಮಾತಿನಲ್ಲೇ ಒಂದೊಂದಾಗಿ ಹೇಳಿದರು.

“ಮಗ ಓಡಿಲ್ಲ. ಮಗ ಸತ್ತ. ನಾನು ನೋಡಿದೆ.”

ಮೇಡಂ ಟೈಪ್ ಮಾಡುವುದು ನಿಂತಿತು. ಮೊದಲು ಬಂದ ಯೋಚನೆ, ಮುದುಕಿ ಎಲ್ಲ ಕೆಡಿಸಿತು ಎಂದು. ಎರಡನೆಯದು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅತ್ತೆಗೆ ಗೊತ್ತಿದ್ದ ಇಲ್ಲಿಯ ಮಾತು ಮುಗಿದಿತ್ತು. ಅವರು ನಮ್ಮ ಮಾತಿಗೆ ಇಳಿದರು. ಮೇಡಂ ನನ್ನ ಕಡೆ ನೋಡಿ, “ಏನು ಹೇಳ್ತಿದ್ದಾರೆ? ತಿಳಿಸಿ,” ಎಂದಳು. ತಿಳಿಸಬೇಕಾದವಳು ನಾನೇ.

“ಗಡಿ ಹತ್ರ, ಮೂರನೇ ದಿನ. ಹುಡುಕ್ಕೊಂಡು ಹೋದಾಗ ರಸ್ತೆ ಮೋರಿ ಪಕ್ಕ ಬಿದ್ದಿದ್ದ. ಗುಂಡು ತಗುಲಿತ್ತು. ಮೈ ಇನ್ನೂ ಬಿಸಿ ಇತ್ತು,” ಎಂದರು ಅತ್ತೆ.

ನಾನು ಅದನ್ನು ಇಲ್ಲಿಯ ಮಾತಿನಲ್ಲಿ ಹೇಳಿದೆ. ನನ್ನ ಗಂಡ ಎಂದು ಹೇಳಲು ಹೋಗಿ ಆಗಲಿಲ್ಲ. ಇವರ ಮಗ ಎಂದೆ. ಯಾರದೋ ಸುದ್ದಿ ಹೇಳುವವಳ ಹಾಗೆ ಮೋರಿ ಎಂದೆ, ಗುಂಡು ಎಂದೆ, ಬಿಸಿ ಎಂದೆ. ಈ ಮಾತುಗಳೆಲ್ಲ ನನಗೆ ಬರುತ್ತಿದ್ದವಲ್ಲ, ಅದಕ್ಕೆ ನನಗೆ ಆಶ್ಚರ್ಯ.

“ಹಾಗಾದರೆ ನಾಲ್ಕು ಜನ ಅಂತ ಯಾಕೆ ಬರೆಸಿದಿರಿ?” ಎಂದಳು ಮೇಡಂ.

ನಾನು ಅದನ್ನೇ ನಮ್ಮ ಮಾತಿನಲ್ಲಿ ಅತ್ತೆಗೆ ಕೇಳಿದೆ. ಅತ್ತೆ ನನ್ನನ್ನು ನೋಡದೆ ಗಿಣಿಯ ತಲೆಯ ಮೇಲೆ ಕೈಯಿಟ್ಟು ಹೇಳಿದರು. “ಕೂಸು ಬಂದು, ಮಾಸು ಬಿದ್ದು, ರಕ್ತ ನಿಲ್ಲೋವರೆಗೆ ಬಾಣಂತಿಗೆ ಸಾವಿನ ಸುದ್ದಿ ಹೇಳಬಾರ್ದು. ಹೇಳಿದ್ರೆ ಮೈ ಬಿಟ್ಟುಬಿಡ್ತಾಳೆ, ತಾಯಿನೂ ಹೋಗ್ತಾಳೆ. ಮೂವತ್ತು ವರ್ಷ ನಾನು ಹಾಗೇ ಮಾಡಿದ್ದು. ಆ ಗುಮಾಸ್ತ ಕೇಳಿದಾಗ ಇವಳಿಗೆ ರಕ್ತ ಹೋಗ್ತಿತ್ತು, ಕಣ್ಣು ಬಿಟ್ಕೊಂಡು ನನ್ನನ್ನೇ ನೋಡ್ತಿದ್ಲು. ಮೂರು ಬೆರಳು ಹ್ಯಾಗೆ ಎತ್ತಲಿ? ಸುಳ್ಳು ನಂದು. ಇವಳಿಗೂ ಸುಳ್ಳೇ ಹೇಳಿದ್ದು. ಏನು ಬರ್ಕೋಬೇಕೋ ನನ್ನ ಹೆಸರಿಗೆ ಬರ್ಕೊಳ್ಳಿ.”

ಇದನ್ನೂ ನಾನೇ ತಿಳಿಸಿದೆ. ಅಲ್ಲಲ್ಲಿ ದನಿ ನಿಂತಾಗ ಗಿಣಿ ಮುಂದುವರಿಸಿದಳು. ಕೊನೆಯ ವಾಕ್ಯ ಅವಳೇ ಹೇಳಿದ್ದು. ಮೇಡಂ ನನ್ನ ಮೊದಲಿನ ಹೇಳಿಕೆಯನ್ನು ಅಳಿಸಿ, ಹೊಸದಾಗಿ ಬರೆದು, ಅತ್ತೆಯ ಹೆಬ್ಬೆಟ್ಟು ಒತ್ತಿಸಿಕೊಂಡಳು. ಪತ್ರದಲ್ಲಿ ತಿಳಿಸುತ್ತೇವೆ, ಹೋಗಿ ಎಂದಳು.

ಬಸ್ಸಿನಲ್ಲಿ ನಾನು ಅತ್ತೆಯ ಪಕ್ಕ ಕೂರಲಿಲ್ಲ. ಮನೆಯಲ್ಲೂ ಮಾತಾಡಲಿಲ್ಲ. ನಾಲ್ಕು ವಾರ, ಒಂದೇ ಒಂದು ಮಾತಾಡಲಿಲ್ಲ. ಬೇಕಾದ್ದನ್ನು ಗಿಣಿಯ ಬಾಯಲ್ಲಿ ಹೇಳಿ ಕಳಿಸುತ್ತಿದ್ದೆ. ಜನ ಗಂಡ ಸತ್ತರೆ ಅಳುತ್ತಾರೆ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಎರಡು ವರ್ಷ ಬೀದಿಯಲ್ಲಿ ಕಂಡವರ ಬೆನ್ನ ಹಿಂದೆ ಓಡಿದ್ದೆನಲ್ಲ, ಆಗೆಲ್ಲ ಮನೆಗೆ ಬಂದಾಗ ಬೆವರೊರೆಸಿ ನೀರು ಕೊಡುತ್ತಿದ್ದ ಈ ಮುದುಕಿಗೆ ಎಲ್ಲ ಗೊತ್ತಿತ್ತು. ಗೂಟದ ಅಂಗಿಯನ್ನು ತೆಗೆದು ಕಸದ ಡಬ್ಬಿಗೆ ಹಾಕಿದೆ. ಅತ್ತೆ ನೋಡಿದರು, ಎತ್ತಿಕೊಳ್ಳಲಿಲ್ಲ. ಉದ್ದಕ್ಕ ಮಾತ್ರ ಕಾರ್ಖಾನೆಯಲ್ಲಿ, “ಪಾಪ ಆ ಅಜ್ಜಿ. ಹೆತ್ತ ಮಗ ಹೋದಾಗ ಅಳೋದಕ್ಕೂ ಆಗ್ಲಿಲ್ಲ,” ಎಂದಳು. ಅವಳ ಮೇಲೂ ರೇಗಿದೆ.

ಐದನೆಯ ವಾರ ಪತ್ರ ಬಂತು. ನನಗೂ ಗಿಣಿಗೂ ಕಾಯಂ ಕಾಗದ ಮಂಜೂರಾಗಿತ್ತು. ಅತ್ತೆಗೆ ಇಲ್ಲ. ಸುಳ್ಳು ಹೇಳಿಕೆ ಕೊಟ್ಟದ್ದರಿಂದ ಅವರಿಗೆ ಒಂದು ವರ್ಷದ ಅವಕಾಶ, ತಿಂಗಳಿಗೊಮ್ಮೆ ಕಚೇರಿಗೆ ಹೋಗಿ ಹೆಬ್ಬೆಟ್ಟು ಒತ್ತಬೇಕು, ವರ್ಷ ಕಳೆದಮೇಲೆ ಮತ್ತೆ ವಿಚಾರಣೆ. ಕಳಿಸಿದರೂ ಕಳಿಸಬಹುದು. ನಾಲ್ಕನೆಯ ಹೆಸರಿನ ಮೇಲೆ ಒಂದು ಗೆರೆ ಎಳೆದಿದ್ದರು.

ಅತ್ತೆ ಕಿಟಕಿಯ ಬಳಿ ಮಣೆಯ ಮೇಲೆ ಕೂತಿದ್ದರು. ನಾನೇ ಹೋಗಿ ಓದಿ ಹೇಳಿದೆ. ನಾಲ್ಕು ವಾರದ ಮೇಲೆ ನನ್ನ ದನಿ ಕೇಳಿ ಅವರು ಮುಖ ಎತ್ತಿದರು.

“ಕೂಸಿಗೆ ಸಿಕ್ತಲ್ಲ. ಸಾಕು.”

“ನಿಮಗೆ ಸಿಗ್ಲಿಲ್ಲ ಅತ್ತೆ.”

“ನನಗೆ ಒಂದು ವರ್ಷನೇ ಜಾಸ್ತಿ ಕಣೆ.”

ನಾನು ಅವರ ಎದುರು ನೆಲದ ಮೇಲೆ ಕೂತೆ. ಕೇಳಬಾರದು ಎಂದುಕೊಂಡಿದ್ದನ್ನೇ ಕೇಳಿದೆ. “ರಕ್ತ ನಿಲ್ಲೋವರೆಗೆ ಅಂದ್ರಿ. ಒಂದು ವಾರಕ್ಕೆ ನಿಂತಿತ್ತು. ಏಳು ವರ್ಷ ಯಾಕೆ ಹೇಳ್ಲಿಲ್ಲ?”

“ಮೊದಮೊದಲು ನಿನಗೋಸ್ಕರ. ನಿನಗೆ ಹಾಲು ಬತ್ತುತ್ತೆ ಅಂತ. ಆಮೇಲೆ ನನಗೋಸ್ಕರ. ನೀನು ಅವನನ್ನ ಕಾಯ್ತಿದ್ದೆ. ನೀನು ಕಾಯೋದನ್ನ ನೋಡ್ತಿದ್ರೆ ಎಲ್ಲೋ ಇದ್ದಾನೇನೋ ಅನ್ನಿಸ್ತಿತ್ತು. ನಾನೇ ಅವನ ಕಣ್ಣು ಮುಚ್ಚಿ ಬಂದವಳು, ನನಗೂ ಹಾಗನ್ನಿಸ್ತಿತ್ತು.”

ನಾನು ಐದು ವರ್ಷದ ಹಿಂದೆಯೇ ಕಾಯುವುದನ್ನು ಬಿಟ್ಟಿದ್ದೆ, ನಿಮಗೋಸ್ಕರ ಕಾದಂತೆ ನಟಿಸಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅದನ್ನು ಈಗಲೂ ಹೇಳಿಲ್ಲ.

“ಎಲ್ಲಿ ಮಣ್ಣು ಮಾಡಿದ್ರಿ?”

“ಮಾಡ್ಲಿಲ್ಲ.” ಅತ್ತೆ ತಮ್ಮ ಅಂಗೈ ನೋಡಿಕೊಂಡರು. “ನೀನು ಬೆಳಿಗ್ಗೆಯಿಂದ ಸೊಂಟ ಹಿಡ್ಕೊಂಡು ನಡೀತಿದ್ದೆ. ಇನ್ನು ಹೆಚ್ಚು ಹೊತ್ತಿಲ್ಲ ಅಂತ ನನಗೆ ಗೊತ್ತಿತ್ತು. ಗುಂಡಿ ತೋಡ್ತಾ ಕೂತ್ರೆ ನಿನ್ನ ಹತ್ರ ಯಾರಿರ್ತಾರೆ? ಕಣ್ಣು ಮುಚ್ಚಿದೆ. ಕೈಕಾಲು ನೆಟ್ಟಗೆ ಮಾಡ್ದೆ. ನಾನು ಹೊದ್ಕೊಂಡಿದ್ದ ಶಾಲು ತೆಗೆದು ಮುಖದಿಂದ ಕಾಲ ತನಕ ಹೊದಿಸ್ದೆ. ಎದ್ದು ಹತ್ತು ಹೆಜ್ಜೆ ಬಂದೆ.”

ಅಲ್ಲಿಗೆ ನಿಲ್ಲಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

“ಹತ್ತು ಹೆಜ್ಜೆ ಬಂದಮೇಲೆ ನೆನಪಾಯ್ತು, ಕೂಸು ಬಂದ್ರೆ ಸುತ್ತೋಕೆ ಒಂದು ಬಟ್ಟೆ ಇಲ್ಲ. ವಾಪಸ್ ಹೋದೆ. ಅವನ ಮೇಲಿಂದ ತೆಗೆದೆ. ನಾನೇ ಹೊದಿಸಿದ್ದು, ನಾನೇ ತೆಗೆದೆ ಕಣೆ.”

ಅತ್ತೆ ಅತ್ತರು. ಏಳು ವರ್ಷದಲ್ಲಿ ನಾನು ಅವರ ಅಳು ನೋಡಿದ್ದು ಅದೇ ಮೊದಲು. ಅವರ ಮಂಡಿಗೆ ತಲೆಯಿಟ್ಟು ನಾನೂ ಅತ್ತುಬಿಟ್ಟೆ. ಆ ಶಾಲು ನನಗೆ ನೆನಪಿತ್ತು. ಹುಟ್ಟಿದ ಗಳಿಗೆಯಿಂದ ಗಿಣಿ ಅದರಲ್ಲೇ ಮಲಗಿದ್ದಳು. ಅದರ ಒಂದು ಕಡೆ ದೊಡ್ಡ ಕಲೆಯಿತ್ತು. ಹೆರಿಗೆಯ ಕಲೆ ಎಂದುಕೊಂಡು, ಎದ್ದು ಓಡಾಡುವಂತಾದ ಮೊದಲ ದಿನ, ಗೋದಾಮಿನ ನಲ್ಲಿಯ ಕೆಳಗೆ ಕೂತು, ತಿಕ್ಕಿ ತಿಕ್ಕಿ ನಾನೇ ಅದನ್ನು ಒಗೆದಿದ್ದೆ.